ಪೆದ್ದಮೊಗದ ಸಿಹಿನೀರಿನ ಕೆರೆ

ಪಟಮಟ, ವಿಜಯವಾಡ
೨ ಜೂನ್ ೧೯೯೦

ಪದ್ಮಕ್ಕಾ,

ಈ ಕಾಗದದ ಮೇಲಿನ ಊರಿನ ಹೆಸರು ನೋಡಿ ನಿನಗೆ ಗಾಬರಿಯಾಗಬಹುದು. ಆಗಬೇಡ, ನಾನು ಚೆನ್ನಾಗಿಯೇ ಇದ್ದೇನೆ. ಧಾರವಾಡದಿಂದ ಇಲ್ಲಿಗೆ ಬಂದು ಎಂಟು ಹತ್ತು ದಿನವಾಯಿತು. ನಿನ್ನ ವಿಶಾಖಪಟ್ಟಣ ಇಲ್ಲಿಂದ ಒಂದೇ ರೈಲಿನ ದೂರ. ಆದರೂ ಮೊದಲು ಬರಲು ಆಗಲಿಲ್ಲ, ಸಿಟ್ಟು ಮಾಡಿಕೊಳ್ಳಬೇಡ.

ಕಳೆದ ತಿಂಗಳಿನ ಚಂಡಮಾರುತ ನನ್ನನ್ನು ಇಲ್ಲಿಗೆ ಎಳೆತಂದಿತು. ದೊಡ್ಡ ಆಪತ್ತು ಬಂದ ಊರಿನಲ್ಲಿ ದಿನನಿತ್ಯದ ಬದುಕು ಮತ್ತೆ ಹೇಗೆ ಶುರುವಾಗುತ್ತದೆ, ಹೊರಗಿನವರು ತಂದ ನೆರವು ಆ ಬದುಕಿನೊಳಗೆ ಎಲ್ಲಿ ಹೋಗಿ ಕೂರುತ್ತದೆ ಎಂಬುದು ನನ್ನ ಅಧ್ಯಯನ. ಮಾನವಶಾಸ್ತ್ರ ಓದಿ ಯಾರ ಹೊಟ್ಟೆ ತುಂಬಿಸುತ್ತೀ ಎಂದು ಅವ್ವ ಕೇಳುತ್ತಿದ್ದಳಲ್ಲ, ಆ ಪ್ರಶ್ನೆ ಇಲ್ಲಿ ದಿನಾ ನನ್ನೆದುರು ನಿಲ್ಲುತ್ತದೆ. ಇಲ್ಲಿ ಕೆಲಸ ಮಾಡುತ್ತಿರುವ ಒಂದು ಸೇವಾಸಂಸ್ಥೆ ನನಗೆ ಓಡಾಟದ ವ್ಯವಸ್ಥೆ ಮಾಡಿದೆ. ಬದಲಿಗೆ ಅವರಿಗೊಂದು ವರದಿ ಬರೆದುಕೊಡಬೇಕು. ಉಳಿದುಕೊಂಡಿರುವುದು ದಾವಣಗೆರೆ ಕಡೆಯ ಶಂಕರಪ್ಪನವರ ಮನೆಯಲ್ಲಿ. ಬ್ಯಾಂಕಿನವರು, ವರ್ಗವಾಗಿ ಬಂದವರು. ಅವರ ಹೆಂಡತಿ ವಿಜಯಲಕ್ಷ್ಮೀಯವರು ನನಗೆ ಕನ್ನಡದಲ್ಲಿ ಬಡಿಸಿ ಮಕ್ಕಳಿಗೆ ತೆಲುಗಿನಲ್ಲಿ ಗದರುತ್ತಾರೆ.

ವಾರದಲ್ಲಿ ಹೆಚ್ಚು ದಿನ ನಾನಿರುವುದು ಪೆದ್ದಮೊಗ ಎಂಬ ಹಳ್ಳಿಯಲ್ಲಿ. ಬಸ್ಸು ಇಳಿದು ಕಾಲುವೆಯ ಏರಿ ಹಿಡಿದು ನಡೆಯಬೇಕು. ಕೃಷ್ಣೆ ಸಮುದ್ರ ಸೇರುವ ಕಡೆ. ಗಾಳಿಯ ಹಿಂದೆಯೇ ಸಮುದ್ರವೂ ಒಳಗೆ ಬಂದಿತ್ತಂತೆ. ಒಂದು ದೋಣಿ ಈಗಲೂ ಗದ್ದೆಯ ನಡುವೆ ಕೂತಿದೆ. ತಾಳೆಮರಗಳೆಲ್ಲ ಒಂದೇ ದಿಕ್ಕಿಗೆ ಬಾಗಿವೆ, ಯಾರೋ ಬಾಚಿದಂತೆ.

ನಾನು ಅಳು ಕೇಳಲು ಸಿದ್ಧಳಾಗಿ ಹೋಗಿದ್ದೆ. ಮೊದಲು ಕಂಡದ್ದು ಒಬ್ಬ ಕ್ಷೌರಿಕ. ಊರಿನಲ್ಲಿ ನೆಟ್ಟಗೆ ನಿಂತ ಗೋಡೆ ಇಲ್ಲ, ಆದರೆ ಅವನು ಬಿದ್ದ ಮರದ ಕಾಂಡದ ಮೇಲೆ ಗಿರಾಕಿ ಕೂರಿಸಿಕೊಂಡು ಮೀಸೆ ಸರಿಮಾಡುತ್ತಿದ್ದ. ಕನ್ನಡಿ ಕೊಚ್ಚಿಹೋಗಿದೆ. ಸರದಿಯಲ್ಲಿ ನಿಂತವನು ಮುಂದೆ ಬಂದು, "ಎಡಗಡೆ ಸ್ವಲ್ಪ ಜಾಸ್ತಿ ಇದೆ" ಎಂದು ಹೇಳುತ್ತಾನೆ. ಆಮೇಲೆ ಅವನು ಕೂರುತ್ತಾನೆ, ಹಿಂದಿನವನು ಅವನ ಮೀಸೆ ನೋಡಿ ಹೇಳುತ್ತಾನೆ. ನಾನು ಬಾಯಿ ತೆರೆದು ನೋಡುತ್ತಾ ನಿಂತೆ.

ಅಲ್ಲಿ ಕೋಟೇಶ್ವರಮ್ಮ ಎಂಬ ಹೆಂಗಸಿದ್ದಾಳೆ. ಐವತ್ತರ ಆಸುಪಾಸು. ಎಲ್ಲಿಂದಲೋ ಪರಿಹಾರವೆಂದು ಉಣ್ಣೆಯ ಸ್ವೆಟರುಗಳು ಬಂದಿದ್ದವು. ಈ ಬಿಸಿಲಿಗೆ ಸ್ವೆಟರು! ಅವಳು ಅವನ್ನೆಲ್ಲ ಬಿಚ್ಚಿ, ನೂಲು ಹೆಣೆದು ಹಗ್ಗ ಮಾಡಿ, ಮೊಮ್ಮಗಳಿಗೆ ತೊಟ್ಟಿಲು ಕಟ್ಟಿದ್ದಾಳೆ. ಕೆಂಪು, ನೀಲಿ, ಹಸಿರು ಹಗ್ಗದ ತೊಟ್ಟಿಲು. ಕೂಸಿಗೆ ಇನ್ನೂ ಹೆಸರಿಟ್ಟಿಲ್ಲ, ಎಲ್ಲರೂ "ಪಾಪ" ಎನ್ನುತ್ತಾರೆ. ಕೂಸಿನ ತಾಯಿ ಎಲ್ಲಿ ಎಂದು ಕೇಳಿದೆ. ಕೋಟೇಶ್ವರಮ್ಮ ತೊಟ್ಟಿಲು ತೂಗುತ್ತಾ ನನಗೆ ಮಜ್ಜಿಗೆ ಬೇಕೇ ಎಂದು ಕೇಳಿದಳು.

ಇಲ್ಲಿಗೆ ಮೊದಲ ನಾಲ್ಕು ದಿನ ಹೆಲಿಕಾಪ್ಟರುಗಳು ಬಂದಿದ್ದವಂತೆ. ನೌಕಾಪಡೆಯ ನಮ್ಮ ಮಾಮಾ, ನಿನ್ನ ಯಜಮಾನರು, ಹಾರಾಡುತ್ತಿದ್ದದ್ದು ಈ ಕಡೆಯೇ ಏನು? ಕೇಳಿ ಬರೆ.

ನಿನ್ನ
ಗಿರಿಜಾ


ನೌಕಾನೆಲೆಯ ವಸತಿಗೃಹ, ವಿಶಾಖಪಟ್ಟಣ
೧೧ ಜೂನ್ ೧೯೯೦

ಗಿರಿಜಾ,

ಸಿಟ್ಟು ಬಂದದ್ದು ನಿಜ. ನಿನ್ನ ಮಜ್ಜಿಗೆಯ ಸಾಲು ಓದುವ ಹೊತ್ತಿಗೆ ಇಳಿಯಿತು.

ಹೌದು, ಇವರು ಆ ಕಡೆಗೇ ಹೋಗಿದ್ದರು. ಹೆಲಿಕಾಪ್ಟರಿನ ಬಾಗಿಲಲ್ಲಿ ಕೂತು ಪೊಟ್ಟಣ ಕೆಳಗೆ ದಬ್ಬುವ ಕೆಲಸ. ಆ ಪೊಟ್ಟಣಗಳು ನಮ್ಮ ಕೈಯವು. ಚಂಡಮಾರುತದ ಮರುದಿನ ಬೆಳಿಗ್ಗೆ ಆಫೀಸಿನಿಂದ ಜೀಪು ಬಂದು ಮನೆಮನೆಗೆ ಹಿಟ್ಟು ಇಳಿಸಿ ಹೋಯಿತು. ನಮ್ಮ ಬ್ಲಾಕಿನ ಹೆಂಗಸರೆಲ್ಲ ಅಂಗಳದಲ್ಲಿ ಒಲೆ ಹೂಡಿದೆವು. ಪಂಜಾಬಿನವಳು, ಕೇರಳದವಳು, ಪಕ್ಕದ ಮನೆಯ ಹೈಮಾವತಿ, ನಾನು. ವರ್ಷಗಟ್ಟಲೆ ನಲ್ಲಿಯ ಹತ್ತಿರ ಜಗಳಾಡಿದವರು ಒಂದೇ ಮಣೆಯ ಮೇಲೆ ಲಟ್ಟಿಸಿದೆವು. ಹೈಮಾವತಿ ಒಬ್ಬಳೇ, "ಆ ಕಡೆಯವರು ಚಪಾತಿ ತಿನ್ನೋದಿಲ್ಲಮ್ಮಾ, ಪುಳಿಹೋರ ಮಾಡೋಣ" ಎನ್ನುತ್ತಿದ್ದಳು. ಅನ್ನ ಬೇಗ ಹಳಸುತ್ತದೆ ಎಂದು ಅಪ್ಪಣೆಯಾಗಿತ್ತು. ಲಟ್ಟಿಸಿದೆವು. ಸಂಜೆಗೆ ಭುಜ ಎತ್ತಲು ಆಗುತ್ತಿರಲಿಲ್ಲ. ಆದರೂ ಒಂದು ವಿಚಿತ್ರ ಸಂತೋಷವಿತ್ತು, ಗಿರಿಜಾ. ನಾನು ಬೇಯಿಸಿದ್ದು ಆಕಾಶದಿಂದ ಇಳಿಯುತ್ತದೆ ಎಂದು.

ಈಗ ಬರೆಯುವುದನ್ನು ನಿನ್ನ ಅಧ್ಯಯನದಲ್ಲಿ ಸೇರಿಸಬೇಡ. ಇವರು ಬಂದಾಗಿನಿಂದ ಸುಮ್ಮನಾಗಿದ್ದಾರೆ. ನಿನಗೆ ಗೊತ್ತಲ್ಲ, ಬೆಳಗಾವಿಯ ಮನುಷ್ಯ, ಊಟಕ್ಕೆ ಕೂತರೆ ಕೊನೆಯ ತುತ್ತಿನವರೆಗೂ ಮಾತು. ಬಂದ ದಿನ ತಟ್ಟೆಗೆ ಚಪಾತಿ ಹಾಕಿದೆ.

"ಇದು ಬ್ಯಾಡ. ಅನ್ನ ಇದ್ರ ಹಾಕು," ಎಂದರು.

"ಯಾಕ್ರಿ, ಹೊಟ್ಟಿ ಸರಿ ಇಲ್ಲೇನು?"

"ಸರಿ ಐತಿ."

ಅಂದಿನಿಂದ ನಮ್ಮ ಮನೆಯಲ್ಲಿ ಚಪಾತಿ ಇಲ್ಲ. ಡ್ಯೂಟಿಗೆ ಹೋಗುತ್ತಾರೆ, ಬರುತ್ತಾರೆ. ಭಾನುವಾರ ಚಿನ್ನೂಳನ್ನು ಕರೆದುಕೊಂಡು ಭೀಮುನಿಪಟ್ಟಣದ ಸಮುದ್ರದಂಡೆಗೆ ಹೋಗಿ ಬರುತ್ತಾರೆ. "ಅಪ್ಪ ಅಲ್ಲಿ ಏನ್ ಮಾಡ್ತಾರ?" ಎಂದು ಅವಳನ್ನು ಕೇಳಿದೆ. "ಸುಮ್ನ ನೀರು ನೋಡ್ತಾರ, ನಾನ್ ಒಬ್ಬಾಕೀನ ಆಡ್ತೀನಿ" ಎಂದಳು.

ನೀನು ಅಪರಿಚಿತರನ್ನು ಮಾತಾಡಿಸುವ ವಿದ್ಯೆ ಕಲಿತವಳು. ಗೊತ್ತಿದ್ದವರನ್ನು ಮಾತಾಡಿಸುವುದು ಹೇಗೆ?

ನಿನ್ನ ಅಕ್ಕ
ಪದ್ಮಾ


ಪೆದ್ದಮೊಗದಿಂದ
೨೦ ಜೂನ್ ೧೯೯೦

ಅಕ್ಕಾ,

ಗೊತ್ತಿದ್ದವರ ಮಾತು ಬಿಡು. ಅಪರಿಚಿತರನ್ನು ಮಾತಾಡಿಸುವ ವಿದ್ಯೆಯೂ ನನಗೆ ಬರುವುದಿಲ್ಲವೆಂದು ಈ ವಾರ ತಿಳಿಯಿತು. ಆದದ್ದನ್ನು ಹೇಳುತ್ತೇನೆ.

ಈ ಊರಿಗೆ ಕುಡಿಯುವ ನೀರಿನ ಕೆರೆ ಒಂದೇ. ಇವರು ಅದನ್ನು ಮಂಚಿನೀಳ್ಳ ಚೆರುವು ಎನ್ನುತ್ತಾರೆ, ಅಂದರೆ ಒಳ್ಳೆಯ ನೀರಿನ ಕೆರೆ. ನೆಲ ಅಗೆದರೆ ಉಪ್ಪುನೀರೇ ಬರುವುದರಿಂದ ವರ್ಷಕ್ಕೊಮ್ಮೆ ಕಾಲುವೆ ನೀರು ಬಿಟ್ಟಾಗ ಈ ಕೆರೆ ತುಂಬಿಕೊಂಡು ಅದರಲ್ಲೇ ಬದುಕುತ್ತಾರೆ. ಈಗ ಅದರ ತುಂಬ ಸಮುದ್ರದ ನೀರು. ಅದನ್ನು ಪಂಪು ಹಾಕಿ ಹೊರಗೆ ಹರಿಸಿ, ತಳದ ಕೆಸರು ಎತ್ತಿ, ಕಾಲುವೆ ಬಿಡುವುದರೊಳಗೆ ಬರಿದು ಮಾಡಿಟ್ಟುಕೊಳ್ಳಬೇಕು. ಆಗಲಿಲ್ಲವೆಂದರೆ ಈ ವರ್ಷವಿಡೀ ಊರಿಗೆ ನೀರಿಲ್ಲ. ಸದ್ಯಕ್ಕೆ ಸಂಸ್ಥೆಯ ಟ್ಯಾಂಕರ್ ಬರುತ್ತದೆ.

ಸಂಸ್ಥೆಯ ಶಿಬಿರ ನೋಡಿಕೊಳ್ಳುವವರು ಸೂರ್ಯಪ್ರಕಾಶ್. ಕಷ್ಟಪಡುವ ಮನುಷ್ಯ. ಡೀಸೆಲ್ ಎಂಜಿನ್ನು, ಪೈಪು, ನಡೆಸುವವನು ಎಲ್ಲವನ್ನೂ ತಂದು ಕೆರೆಯ ಏರಿಯ ಮೇಲೆ ಇಳಿಸಿದರು. ಪೈಪಿನ ತುದಿಯನ್ನು ನಡುನೀರಿನಲ್ಲಿ ಊರಲು ನಾಲ್ಕು ಜನ ಬೇಕು. ಒಬ್ಬರೂ ಬರಲಿಲ್ಲ. ಇವತ್ತು ಒಳ್ಳೆಯ ದಿನವಲ್ಲ ಎಂದ ಒಬ್ಬ. ಎಂಜಿನ್ನು ಸಣ್ಣದು ಎಂದ ಇನ್ನೊಬ್ಬ. ಮತ್ತೊಬ್ಬನಿಗೆ ಸೊಂಟ ನೋವು. ಇದೇ ಜನ ಗದ್ದೆಯ ದೋಣಿಯನ್ನು ಹಾಡು ಹೇಳುತ್ತಾ ಎಳೆದು ನೀರಿಗೆ ಸೇರಿಸಿದ್ದನ್ನು ನಾನು ಮೊನ್ನೆ ನೋಡಿದ್ದೇನೆ.

ಸೂರ್ಯಪ್ರಕಾಶ್ ಬೇಸತ್ತು ಹೇಳಿದರು: "ನೋಡಿ ಮೇಡಂ, ಟ್ಯಾಂಕರ್ ಅಭ್ಯಾಸ ಆಗಿಹೋಯಿತು. ಕೊಟ್ಟಷ್ಟೂ ಕೈ ಚಾಚುತ್ತಾರೆ. ಇದನ್ನು ನಿಮ್ಮ ವರದಿಯಲ್ಲಿ ಬರೆಯಿರಿ. ಎಂಜಿನ್ನು ಬೇರೆ ಊರಿಗೆ ಒಯ್ಯುತ್ತೇನೆ." ನಾನೂ ಅರ್ಧ ಒಪ್ಪಿದ್ದೆ.

ಅವತ್ತು ಮಧ್ಯಾಹ್ನ ಬಿಸಿಲು ತಾಳದೆ ನಾನು ಕೆರೆಯ ಮೆಟ್ಟಿಲ ಮೇಲೆ ಕೂತು, ಕಾಲು ನೀರಿಗೆ ಬಿಟ್ಟು, ಬುತ್ತಿ ಬಿಚ್ಚಿದೆ. ಹಿಂದಿನಿಂದ ಯಾರೋ ಓಡಿಬಂದು ನನ್ನ ತೋಳು ಹಿಡಿದು ಮೇಲಕ್ಕೆಳೆದರು. ಬುತ್ತಿ ಉರುಳಿಹೋಯಿತು. ಕೋಟೇಶ್ವರಮ್ಮ. ಏದುಸಿರು ಬಿಡುತ್ತಿದ್ದಳು. ಬೈಯಲಿಲ್ಲ. ತನ್ನ ಸೆರಗಿನಿಂದ ನನ್ನ ಪಾದ ಒರೆಸಿದಳು, ಅಕ್ಕಾ, ಮಗುವಿನ ಪಾದ ಒರೆಸಿದಂತೆ. ಆಮೇಲೆ ಏರಿಯ ಕೆಳಗೆ ಕರೆದುಕೊಂಡು ಹೋಗಿ ಕೂರಿಸಿ ಹೇಳಿದಳು. ನನಗೆ ತಿಳಿಯಲೆಂದು ನಿಧಾನವಾಗಿ, ಸಣ್ಣ ಸಣ್ಣ ಮಾತಿನಲ್ಲಿ.

ನೀರು ಬಂದಾಗ ಊರೆಲ್ಲ ಗುಡಿಯ ಕಡೆಗೆ ಓಡಿತು. ಗುಡಿಗೆ ದಾರಿ ಈ ಕೆರೆಯ ಏರಿಯ ಮೇಲೆಯೇ. ಮುಂದೆ ಓಡಿದವರು ಗುಡಿಯ ಮಾಳಿಗೆ ಹತ್ತಿದರು. ಹಿಂದಿದ್ದವರನ್ನು ಅಲೆ ಏರಿಯ ಮೇಲಿಂದ ಕೆರೆಯೊಳಕ್ಕೆ ತಳ್ಳಿತು. ಕೂಸನ್ನು ಎತ್ತಿಕೊಂಡಿದ್ದ ಕೋಟೇಶ್ವರಮ್ಮ ಮುಂದಿದ್ದಳು. ಮಗಳು ಸೀತಾಮಹಾಲಕ್ಷ್ಮಿ ಹಿಂದೆ.

"ಸಮುದ್ರ ಕರಕೊಂಡು ಹೋಗಿದ್ದರೆ ಸಮುದ್ರಕ್ಕೆ ಹೋದಳು ಅನ್ನುತ್ತಿದ್ದೆ," ಎಂದಳು. "ಅವಳು ಇಲ್ಲೇ ಸಿಕ್ಕಳು, ದಿನಾ ಬಿಂದಿಗೆ ತುಂಬುತ್ತಿದ್ದ ಮೆಟ್ಟಿಲ ಹತ್ತಿರ. ಇದರಲ್ಲಿ ಹೇಗಮ್ಮಾ ಕಾಲಿಡಲಿ?"

ಹೆಂಗಸರು ಯಾಕೆ ಯಾವಾಗಲೂ ಕೆರೆಯ ಏರಿ ಬಿಟ್ಟು ದೂರದ ದಾರಿ ಹಿಡಿಯುತ್ತಾರೆಂದು ಆಗ ಹೊಳೆಯಿತು. ಪ್ರತಿಯೊಂದು ಮನೆಗೂ ಗೊತ್ತು, ಯಾರೂ ಯಾರೊಡನೆಯೂ ಆ ಮಾತು ಆಡುವುದಿಲ್ಲ.

ಸಂಜೆ ಸೂರ್ಯಪ್ರಕಾಶರಿಗೆ, ಎಂಜಿನ್ನು ಇನ್ನೂ ಕೆಲವು ದಿನ ಇಲ್ಲೇ ಇರಲಿ ಎಂದೆ. ಕಾರಣ ಕೇಳಿದರು. ಹೇಳಲಾರೆ ಎಂದೆ. ನನ್ನನ್ನೇ ನೋಡಿದರು. ಎಂಜಿನ್ನು ಒಯ್ಯಲಿಲ್ಲ. ಮರುದಿನ ಅವರು ಕೆರೆಯ ಏರಿ ಹತ್ತುವ ಮುನ್ನ ಚಪ್ಪಲಿ ಕಳಚಿ ಕೆಳಗಿಟ್ಟದ್ದನ್ನು ಕಂಡೆ.

ಇದಕ್ಕಿಂತ ಹೆಚ್ಚು ಇವತ್ತು ಬರೆಯಲಾರೆ.

ಗಿರಿಜಾ


ವಿಶಾಖಪಟ್ಟಣ
೨೭ ಜೂನ್ ೧೯೯೦

ಗಿರಿಜಾ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ಓದಿದೆ. ಓದಿ ಮುಗಿದ ಮೇಲೆ ಮಡಚಿಡದೆ ಊಟದ ಮೇಜಿನ ಮೇಲೆ ಬಿಟ್ಟೆ. ಬೇಕೆಂದೇ ಬಿಟ್ಟೆನೋ ಮರೆತೆನೋ ನನಗೇ ತಿಳಿಯದು. ಒಳಗೆ ಹೋಗಿ ಬಟ್ಟೆ ಮಡಚಿ ಬರುವಷ್ಟರಲ್ಲಿ ಇವರು ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

"ಗುಡಿ ಮಾಳಗಿ ಅಂತ ಬರದಾಳ," ಎಂದರು.

"ಹೌದ್ರಿ."

"ಒಂದು ಗುಡಿ ಮಾಳಗಿ ಮ್ಯಾಲೆ ಮಂದಿ ನಿಂತಿದ್ದರು. ಯಾವೂರೋ ಏನೋ. ಮ್ಯಾಲಿಂದ ನೋಡಿದ್ರ ಎಲ್ಲಾ ಊರೂ ಒಂದ. ಬರೇ ನೀರು."

ನಾನು ಕುರ್ಚಿ ಎಳೆದುಕೊಂಡು ಕೂತೆ. ನಿಂತುಕೊಂಡೇ ಹೇಳಿದರು. ಅದು ಅಂದಿನ ಕೊನೆಯ ಸುತ್ತು, ಉಳಿದಿದ್ದದ್ದು ಚಪಾತಿಯ ಕೊನೆಯ ಗಂಟು. ಗಾಳಿ ಇನ್ನೂ ನಿಂತಿರಲಿಲ್ಲ. ಮಾಳಿಗೆಯ ನೇರಕ್ಕೇ ದಬ್ಬಿದರಂತೆ. ಗಾಳಿ ಒಯ್ದು ನೀರಿಗೆ ಹಾಕಿತು. ಕೆಳಗಿನ ಜನ ಅದು ತೇಲಿಹೋಗುವುದನ್ನು ನೋಡಿದರು. ಒಬ್ಬ ಹೆಂಗಸಿನ ಕೈಯಲ್ಲಿ ಕೂಸಿತ್ತು. ಇಂಧನ ಮುಗಿಯುತ್ತಾ ಬಂದಿತ್ತು, ಹೆಲಿಕಾಪ್ಟರ್ ತಿರುಗಲೇಬೇಕಾಯಿತು.

"ನನ್ನ ಕೈಯಾಗ ಏನೂ ಇರಲಿಲ್ಲ, ಪದ್ಮಾ. ಏನ್ ಮಾಡಬೇಕು ಅಂತ ತಿಳೀಲಿಲ್ಲ. ಕೈ ಬೀಸಿದೆ. ಸ್ಟೇಶನ್ನಿನಾಗ ಯಾರನ್ನೋ ಕಳಿಸಾಕ ಬಂದವರಂಗ ಕೈ ಬೀಸಿ ಬಂದೆ."

ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು, ಅದು ಬೇರೆ ಯಾರದೋ ಎಂಬಂತೆ.

ಮರುದಿನ ಮೋಡ ಕವಿದು ಇವರ ಹೆಲಿಕಾಪ್ಟರನ್ನು ಬೇರೆ ಕಡೆ ಕಳಿಸಿದರಂತೆ. ಆ ಮಾಳಿಗೆಯ ಜನ ಏನಾದರೋ ಇವರಿಗೆ ತಿಳಿಯದು. ಯಾರನ್ನು ಕೇಳುವುದು, ಊರಿನ ಹೆಸರೇ ಗೊತ್ತಿಲ್ಲ.

ಕೃಷ್ಣೆಯ ಬಾಯಲ್ಲಿ ಎಷ್ಟು ಗುಡಿಗಳೋ, ಎಷ್ಟು ಮಾಳಿಗೆಗಳೋ. ಆದರೂ ಕೋಟೇಶ್ವರಮ್ಮನನ್ನು ಒಂದು ಮಾತು ಕೇಳುತ್ತೀಯಾ? ಬೇಡವೆನ್ನಿಸಿದರೆ ಕೇಳಬೇಡ. ಅವಳ ದುಃಖದ ಮೇಲೆ ನಮ್ಮದನ್ನೂ ಹೊರಿಸುವುದು ನನಗೆ ಇಷ್ಟವಿಲ್ಲ.

ಪದ್ಮಾ


ಪೆದ್ದಮೊಗದಿಂದ
೯ ಜುಲೈ ೧೯೯೦

ಪದ್ಮಕ್ಕಾ,

ನಿನ್ನ ಕಾಗದ ಪಟಮಟದಲ್ಲಿ ಬಿದ್ದಿತ್ತು, ನನಗೆ ತಡವಾಗಿ ಸಿಕ್ಕಿತು. ಅಷ್ಟರಲ್ಲಿ ಇಲ್ಲಿ ಬಹಳ ನಡೆದುಹೋಗಿತ್ತು.

ನಿನಗೆ ಬರೆದ ಮರುದಿನವೇ ಮಳೆ ಹಿಡಿದು ಕಾಲುವೆಯ ದಾರಿ ಕುಸಿಯಿತು. ಟ್ಯಾಂಕರ್ ನಿಂತಿತು. ಜನ ಮಳೆನೀರು ಹಿಡಿದರು, ಅದು ಮುಗಿದ ಮೇಲೆ ಕೈಪಂಪಿನ ಸವುಳು ನೀರು. ದೊಡ್ಡವರು ಹೇಗೋ ಸಹಿಸಿದರು. ಪಾಪಳಿಗೆ ಭೇದಿ ಶುರುವಾಯಿತು. ತುಟಿ ಒಣಗಿ, ಕಣ್ಣು ಒಳಗೆ ಹೋಗಿ, ಅಳುವ ಶಕ್ತಿಯೂ ಇಲ್ಲದೆ ಮಲಗಿತು. ಸೂರ್ಯಪ್ರಕಾಶರ ಮೋಟರ್ ಸೈಕಲ್ಲಿನ ಹಿಂದೆ ಕೋಟೇಶ್ವರಮ್ಮ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತು ಅವನಿಗಡ್ಡ ಎಂಬ ಪೇಟೆಯ ಆಸ್ಪತ್ರೆಗೆ ಹೋದಳು. ಕೂಸು ಉಳಿಯಿತು. ಡಾಕ್ಟರು ಹೇಳಿದ್ದು ಒಂದೇ: ಇದಕ್ಕೆ ಒಳ್ಳೆಯ ನೀರು ಕುಡಿಸಿ.

ಊರಿಗೆ ಮರಳಿದವಳು ಕೂಸನ್ನು ನನ್ನ ಕೈಗೆ ಕೊಟ್ಟಳು. ಮನೆಗೆ ಹೋಗಲಿಲ್ಲ. ನೇರ ಕೆರೆಯ ಏರಿ ಹತ್ತಿದಳು. ಬೆಳಗಿನ ಬಿಸಿಲು, ಊರೆಲ್ಲ ಎಚ್ಚರವಿತ್ತು, ಎಲ್ಲರೂ ನೋಡಿದರು. ಎಂಜಿನ್ನಿನ ಪಕ್ಕದಲ್ಲಿ ಬಿದ್ದಿದ್ದ ಪೈಪಿನ ತುದಿಯನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡಳು. ಸೀರೆ ಎತ್ತಿ ಕಟ್ಟಿದಳು. ಮೆಟ್ಟಿಲ ಹತ್ತಿರ ಬಂದಾಗ ನಿಂತಳು. ಅವಳ ಬೆನ್ನಷ್ಟೇ ನಮಗೆ ಕಾಣುತ್ತಿತ್ತು. ನನ್ನ ತೋಳಿನಲ್ಲಿ ಕೂಸು.

ಅವಳು ಇಳಿದಳು.

ನೀರು ಮೊಣಕಾಲಿಗೆ, ಸೊಂಟಕ್ಕೆ, ಎದೆಗೆ ಬಂತು. ಭಾರಕ್ಕೆ ಪೈಪು ಅವಳನ್ನು ಹಿಂದಕ್ಕೆ ಎಳೆಯುತ್ತಿತ್ತು. ಆಗ ಆ ಕ್ಷೌರಿಕ, ಮೀಸೆ ಸರಿಮಾಡುತ್ತಿದ್ದವನು, ಕೈಯಲ್ಲಿದ್ದ ಕತ್ತಿಯನ್ನು ನೆಲಕ್ಕಿಟ್ಟು ನಡೆದುಬಂದು ನೀರಿಗಿಳಿದು ಪೈಪಿನ ನಡುವಿಗೆ ಹೆಗಲು ಕೊಟ್ಟ. ಅವನ ಹಿಂದೆ ಅರ್ಧ ಗಡ್ಡ ಬೋಳಿಸಿಕೊಂಡಿದ್ದವನು. ಆಮೇಲೆ ಹೆಂಗಸರು. ಯಾರೂ ಯಾರನ್ನೂ ಕರೆಯಲಿಲ್ಲ. ಒಬ್ಬರ ಹಿಂದೊಬ್ಬರು ಇಳಿಯುತ್ತಲೇ ಇದ್ದರು. ಕೆರೆಯ ತುಂಬ ಜನ ನಿಂತು ಅತ್ತರು. ಅಷ್ಟು ದಿನ ಈ ಊರಿನಲ್ಲಿ ಅಳು ಕೇಳದೆ ನಾನು ಬೆರಗಾಗಿದ್ದೆನಲ್ಲ. ಅಳು ಇದ್ದದ್ದು ಅಲ್ಲಿ, ಆ ನೀರಿನಲ್ಲಿ.

ಸೂರ್ಯಪ್ರಕಾಶ್ ಎಂಜಿನ್ನಿನ ಪಕ್ಕ ತಲೆ ತಗ್ಗಿಸಿ ಕಾಯುತ್ತಿದ್ದರು. ನಡುವಿನಿಂದ ಕೋಟೇಶ್ವರಮ್ಮ ಕೈಯೆತ್ತಿ ಸನ್ನೆ ಮಾಡಿದ ಮೇಲೆಯೇ ಎಂಜಿನ್ನು ಶುರುವಾಯಿತು.

ಉಪ್ಪುನೀರು ಹೋದ ಮೇಲೆ ಕೆಸರು ಎತ್ತಿದರು. ನಾನೂ ಬುಟ್ಟಿ ಹೊತ್ತೆ. ಕೆಸರಿನಲ್ಲಿ ಸಿಕ್ಕಿದ್ದನ್ನು, ತಂಬಿಗೆ, ಚಪ್ಪಲಿ, ಬೀಗದ ಕೈ, ಒಂದು ಕಾಲ್ಗೆಜ್ಜೆ, ಎಲ್ಲವನ್ನೂ ತೊಳೆದು ಏರಿಯ ಮೇಲೆ ಬಟ್ಟೆ ಹಾಸಿ ಇಟ್ಟರು. ಜನ ಬಂದು ತಮ್ಮದನ್ನು ಗುರುತಿಸಿ ಒಯ್ದರು. ಯಾರೂ ಯಾರನ್ನೂ ತಡೆಯಲಿಲ್ಲ, ಇದು ನನ್ನದು ಎಂದು ಜಗಳಾಡಲಿಲ್ಲ.

ಇಷ್ಟೆಲ್ಲ ಆದ ಮೇಲೆ ನಿನ್ನ ಪ್ರಶ್ನೆ ಕೇಳಿದೆ. ಕೆಸರಿನ ಕೈ ತೊಳೆದುಕೊಂಡು ಇಬ್ಬರೂ ಕೂತಿದ್ದಾಗ. ಹೆಲಿಕಾಪ್ಟರ್ ನೆನಪಿದೆಯೇ ಎಂದೆ.

"ನೆನಪಿಲ್ಲದೆ? ಮೂಟೆ ನೀರಿಗೆ ಬಿತ್ತು," ಎಂದಳು.

ಸಿಟ್ಟು ಬರಲಿಲ್ಲವೇ ಎಂದೆ.

"ಗಾಳಿಯ ಮೇಲೆ ಸಿಟ್ಟೇ? ಕೇಳು. ಅದರ ಬಾಗಿಲಲ್ಲಿ ಒಬ್ಬ ಮನುಷ್ಯ ಕೂತಿದ್ದ. ತಿರುಗಿ ಹೋಗುವಾಗ ಕೈಯೆತ್ತಿದ. ಅಲ್ಲಿಯವರೆಗೆ ಲೋಕವೆಲ್ಲ ಮುಳುಗಿಹೋಗಿದೆ, ಉಳಿದವರು ನಾವಿಷ್ಟೇ ಅಂದುಕೊಂಡಿದ್ದೆವು. ಅವನು ಕೈಯೆತ್ತಿದಾಗ, ಓ, ನಮ್ಮನ್ನು ಕಂಡರು, ನಾವಿನ್ನೂ ಲೆಕ್ಕದಲ್ಲಿ ಇದ್ದೇವೆ ಅಂತ ಎಲ್ಲರೂ ಕೂಗಿದೆವು. ಕೂಸನ್ನು ಎತ್ತಿ ತೋರಿಸಿದೆ. ಮರುದಿನ ದೋಣಿ ಬಂತು."

ಅಕ್ಕಾ, ಆ ಮನುಷ್ಯ ಮಾಮಾ ಎಂದು ನಾನು ಹೇಳಲಾರೆ. ಈ ಕಡೆ ಎಷ್ಟೋ ಹೆಲಿಕಾಪ್ಟರುಗಳು ಬಂದಿವೆ, ಎಷ್ಟೋ ಮೂಟೆಗಳು ನೀರಿಗೆ ಬಿದ್ದಿವೆ. ಆದರೆ ಕೈ ಬೀಸಿದ್ದು ಕೆಳಗಿನವರಿಗೆ ಹೇಗೆ ಕಂಡಿತು ಎಂಬುದನ್ನು ಮಾತ್ರ ಅವಳು ಹೇಳಿದಂತೆಯೇ ಬರೆದಿದ್ದೇನೆ. ಅವರಿಗೆ ಓದಿ ಹೇಳು.

ಗಿರಿಜಾ


ವಿಶಾಖಪಟ್ಟಣ
೧೬ ಜುಲೈ ೧೯೯೦

ಗಿರಿಜಾ,

ಓದಿ ಹೇಳಿದೆ. "ಇನ್ನೊಮ್ಮೆ ಓದು" ಎಂದರು. ಓದಿದೆ. ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ಚಿನ್ನೂ ಹೋಗಿ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಏನೋ ಮಾತಾಡುವುದು ಕೇಳಿತು. ಏನೆಂದು ನಾನು ಕಿವಿಗೊಡಲಿಲ್ಲ, ದನಿ ಕೇಳಿದ್ದೇ ಸಾಕಾಯಿತು.

ಇವತ್ತು ರಜೆಗೆ ಅರ್ಜಿ ಕೊಟ್ಟಿದ್ದಾರೆ. ಎಲ್ಲಿಗೆಂದು ನನಗೆ ಹೇಳಿಲ್ಲ, ನಾನೂ ಕೇಳಿಲ್ಲ.

ಪದ್ಮಾ


ಪಟಮಟ, ವಿಜಯವಾಡ
೨೪ ಜುಲೈ ೧೯೯೦

ಅಕ್ಕಾ,

ಇದನ್ನು ಹಾಸಿಗೆಯಲ್ಲಿ ಮಲಗಿಕೊಂಡು ಬರೆಯುತ್ತಿದ್ದೇನೆ, ಅಕ್ಷರ ನೋಡಿ ಹೆದರಬೇಡ. ಕಾಮಾಲೆ. ವಿಜಯಲಕ್ಷ್ಮೀಯವರು ಬರೀ ಗಂಜಿ ಮಜ್ಜಿಗೆಯಲ್ಲಿ ಇಟ್ಟಿದ್ದಾರೆ. ಆದರೆ ಕಾಲುವೆ ನೀರು ಬಂದ ದಿನ ನಾನು ಅಲ್ಲಿದ್ದೆ, ಅಷ್ಟು ಪುಣ್ಯ.

ಬೆಳಿಗ್ಗೆಯಿಂದ ಜನ ಕಾಲುವೆಯ ಪಕ್ಕ ಕಾಯುತ್ತಿದ್ದರು. ಮೊದಲು ನೀರು ಕಾಣಲಿಲ್ಲ, ಕೊಕ್ಕರೆಗಳು ಕಂಡವು. ನೀರಿನ ಮುಂದೆ ಮುಂದೆ ಹುಳ ಹೆಕ್ಕುತ್ತಾ ನಡೆದುಬಂದವು. ಆಮೇಲೆ ಕಸಕಡ್ಡಿ ತಳ್ಳಿಕೊಂಡು, ಕಂದುಬಣ್ಣದ ನಾಲಿಗೆಯಂತೆ, ನಡೆಯುವ ಮನುಷ್ಯನ ವೇಗದಲ್ಲಿ ಕೃಷ್ಣೆ ಬಂದಳು. ನಮ್ಮ ಕಡೆಯ ನದಿ, ಅಕ್ಕಾ! ಅಷ್ಟು ದೂರ ಹರಿದು ಈ ಊರಿನ ಕೆರೆಗೆ.

ಕೆರೆ ತುಂಬಿ ನೀರು ತಿಳಿಯಾಗಲು ಕೆಲವು ದಿನ ಬಿಟ್ಟರು. ಆಮೇಲೆ ಒಂದು ಬೆಳಿಗ್ಗೆ ಹೆಂಗಸರೆಲ್ಲ ಬಿಂದಿಗೆ ಹಿಡಿದು ಏರಿಯ ಮೇಲೆ ಬಂದು ನಿಂತರು. ಯಾರೂ ಇಳಿಯಲಿಲ್ಲ. ಕೋಟೇಶ್ವರಮ್ಮ ಮೆಟ್ಟಿಲಿಳಿದು, ಮೊಣಕಾಲುದ್ದದ ನೀರಿನಲ್ಲಿ ನಿಂತು, ಪಕ್ಕದ ಮನೆಯವಳಿಗೆ ಹೇಳುವ ದನಿಯಲ್ಲಿ ಹೇಳಿದಳು: "ಸೀತಾ, ನೀಳ್ಳು ತೀಸ್ಕುಂಟುನ್ನಾನಮ್ಮಾ." ಸೀತಾ, ನೀರು ತೆಗೆದುಕೊಳ್ಳುತ್ತಿದ್ದೇನಮ್ಮಾ. ಬಿಂದಿಗೆ ಮುಳುಗಿಸಿದಳು. ನೀರು ತುಂಬುವ ಸದ್ದು ಏರಿಯ ಮೇಲಿದ್ದ ಎಲ್ಲರಿಗೂ ಕೇಳಿತು.

ಅವಳ ನಂತರ ಇನ್ನೊಬ್ಬಳು ಇಳಿದಳು, ತನ್ನ ಗಂಡನ ಹೆಸರು ಕೂಗಿ, ನೀರು ತೆಗೆದುಕೊಳ್ಳುತ್ತಿದ್ದೇನೆ ಎಂದಳು. ಮತ್ತೊಬ್ಬಳು ಅತ್ತೆಯ ಹೆಸರು. ಮತ್ತೊಬ್ಬಳು ಎರಡು ಮಕ್ಕಳ ಹೆಸರು. ಯಾರನ್ನೂ ಕಳೆದುಕೊಳ್ಳದ ಮನೆಯವಳೊಬ್ಬಳು ಬಿಂದಿಗೆ ಹಿಡಿದು ತಬ್ಬಿಬ್ಬಾಗಿ ನಿಂತಳು. ಪಕ್ಕದವಳು ತನ್ನ ತಮ್ಮನ ಹೆಸರನ್ನು ಅವಳಿಗೆ ಹೇಳಿಕೊಟ್ಟಳು. ಅವಳು ಆ ಹೆಸರನ್ನು ಕೂಗಿ ನೀರು ತುಂಬಿದಳು. ಎರಡು ತಿಂಗಳಿಂದ ಯಾರ ಬಾಯಲ್ಲೂ ಬಾರದ ಹೆಸರುಗಳು ಒಂದೊಂದಾಗಿ ಆ ನೀರಿನ ಮೇಲೆ ಹೋದವು.

ನಾನು ಓದಿದ ಯಾವ ಶಾಸ್ತ್ರದಲ್ಲೂ ಇದಕ್ಕೆ ಜಾಗವಿಲ್ಲ. ಬರೆಯಬಾರದೆಂದೇ ನಿರ್ಧರಿಸಿದ್ದೆ. ಹೊರಡುವಾಗ ಕೋಟೇಶ್ವರಮ್ಮನೇ, "ಈಗ ಬರಿ. ಹೆಸರು ಸಮೇತ ಬರಿ," ಎಂದಳು. ಸೂರ್ಯಪ್ರಕಾಶರಿಗೆ ಕೊಡುವ ವರದಿಯ ಮೊದಲ ಪುಟದಲ್ಲಿ ಆ ಹೆಸರುಗಳನ್ನೇ ಬರೆಯುತ್ತೇನೆ. ಅವರು ಬೇಡವೆನ್ನಲಾರರು.

ನೀವು ಬರುವುದಾದರೆ ನನ್ನ ಹತ್ತಿರ ಕೂತು ಹೊತ್ತು ಕಳೆಯಬೇಡಿ. ನೇರ ಅಲ್ಲಿಗೆ ಹೋಗಿ.

ನಿನ್ನ
ಗಿರಿಜಾ


ವಿಶಾಖಪಟ್ಟಣ
೬ ಆಗಸ್ಟ್ ೧೯೯೦

ನನ್ನ ಗಿರಿಜಾ,

ಪೆದ್ದಮೊಗದಿಂದ ಬಂದು ನಿನ್ನ ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಬೇಕೆಂದಿದ್ದೆ. ಬಸ್ಸು ತಪ್ಪಿ, ನೇರ ಸ್ಟೇಶನ್ನಿಗೇ ಓಡಬೇಕಾಯಿತು. ಹೋಗುವಾಗ ನಿನ್ನ ಹಳದಿ ಮುಖ ನೋಡಿದ್ದೊಂದೇ. ಈಗ ಹೇಗಿದ್ದೀ? ಬಸ್ಸು ಯಾಕೆ ತಪ್ಪಿತೆಂದು ಹೇಳುತ್ತೇನೆ.

ಕೋಟೇಶ್ವರಮ್ಮ ಅಂಗಳದಲ್ಲಿ ತಾಳೆಗರಿ ಸೀಳುತ್ತಿದ್ದಳು. ನಾನು ನಿನ್ನ ಅಕ್ಕ ಎಂದು ಹೇಳಿದ್ದೇ ತಡ, ಚಾಪೆ ಹಾಸಿದಳು. ಒಳಗೆ ಹೋಗಿ ಕಂಚಿನ ಲೋಟದಲ್ಲಿ ನೀರು ತಂದು ಇವರ ಕೈಗೆ ಕೊಟ್ಟಳು. ಇವರು ಲೋಟ ಹಿಡಿದು ಹಾಗೇ ಕೂತರು. ಯಾವ ಕೆರೆಯ ನೀರೆಂದು ಇವರಿಗೆ ಗೊತ್ತು. ಅವಳು ಇವರ ಮುಖ ನೋಡಿದಳು. ಲೋಟವನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಅಂಗೈಗೆ ಸ್ವಲ್ಪ ಸುರಿದುಕೊಂಡು ಕೂಸಿನ ಬಾಯಿಗೆ ಹನಿಸಿದಳು. ಉಳಿದದ್ದನ್ನು ಮತ್ತೆ ಇವರ ಕೈಗೆ ಕೊಟ್ಟಳು. ಇವರು ಒಂದೇ ಉಸಿರಿಗೆ ಕುಡಿದು, "ಇಂಕಾ ಕೊಂಚೆಂ" ಎಂದರು, ಇನ್ನೂ ಸ್ವಲ್ಪ ಎಂದು. ಇಷ್ಟು ವರ್ಷ ಆಂಧ್ರದಲ್ಲಿದ್ದು ಇವರ ಬಾಯಿಂದ ನಾನು ಕೇಳಿದ ಮೊದಲ ತೆಲುಗು.

ಇವರಿಗೆ ಏನು ಕೆಲಸ ಎಂದು ಅವಳು ನನ್ನನ್ನು ಕೇಳಿದಳು. ನಾನು ತಡವರಿಸಿದೆ. ಇವರೇ, "ನೇವಿ. ಹೆಲಿಕಾಪ್ಟರ್" ಎಂದರು.

ಮತ್ತೆ ತಾಳೆಗರಿ ಸೀಳುತ್ತಿದ್ದ ಅವಳ ಕೈ ನಿಂತಿತು. ಬಹಳ ಹೊತ್ತು ಇವರನ್ನು ನೋಡಿದಳು. ಆ ದಿನ ನೀನೇ ಇದ್ದೆಯಾ ಎಂದು ಕೇಳಲಿಲ್ಲ, ಗಿರಿಜಾ. ಇವರೂ ಹೇಳಲಿಲ್ಲ. ಆಮೇಲೆ ಎದ್ದು ಸೆರಗು ಕೊಡವಿಕೊಂಡಳು.

"ಹಾಗಾದರೆ ನಮ್ಮೂರನ್ನು ಮೇಲಿಂದ ನೋಡಿದವರು," ಎಂದಳು. "ಬನ್ನಿ ಬಾಬೂ, ಒಂದು ಸಲ ಕೆಳಗಿಂದ ನೋಡಿ."

ಕೂಸನ್ನು ಇವರ ತೋಳಿಗೆ ಹಾಕಿ ಮುಂದೆ ನಡೆದಳು. ಮನೆಮನೆಯ ಮುಂದೆ ನಿಂತು, ಯಾರದು, ಎಷ್ಟು ಜನ, ಏನು ಮಾಡುತ್ತಾರೆ ಎಂದು ಹೇಳುತ್ತಾ ಹೋದಳು. ಪ್ರತಿ ಮನೆಯವರೂ ನೀರು ತಂದುಕೊಟ್ಟರು. ಇವರು ಒಂದು ಮನೆಯಲ್ಲೂ ಬೇಡವೆನ್ನಲಿಲ್ಲ. ಎಲ್ಲ ಕಡೆಯೂ ನಿಂತು, ಎರಡೂ ಕೈಯಲ್ಲಿ ಲೋಟ ಹಿಡಿದು, ಕೊನೆಯ ಹನಿಯವರೆಗೂ ಕುಡಿದರು. ಲೋಟ ಹಿಡಿಯಲೆಂದು ಕೂಸನ್ನು ನನಗೆ ಕೊಡುವುದು, ಕುಡಿದಾದ ಮೇಲೆ ಕೇಳಿ ಹಿಂದಕ್ಕೆ ಪಡೆಯುವುದು. ನಾನು ಬಸ್ಸಿನ ಮಾತೆತ್ತಲಿಲ್ಲ.

ರೈಲಿನಲ್ಲಿ ಹತ್ತಿದ ಕೂಡಲೇ ಮಲಗಿಬಿಟ್ಟರು. ಬೆಳಕು ಹರಿಯುವಾಗ ತುನಿಯಲ್ಲಿ ಚಹಾ ತೆಗೆದುಕೊಂಡೆ. ಕಿಟಕಿಯ ಹೊರಗೆ ನೋಡುತ್ತಾ ಇದ್ದಕ್ಕಿದ್ದಂತೆ ಹೇಳಿದರು: "ಅವತ್ತು ಮ್ಯಾಲಿಂದ ನೋಡಿದಾಗ ಊರು ಅಂದ್ರ ಬರೇ ನೀರು ಇತ್ತು, ಪದ್ಮಾ. ಅದರಾಗ ಎಷ್ಟು ಬಾಗಲಾ ಅದಾವು ನೋಡು."

ಆಮೇಲೆ ಮಾತು ನಿಲ್ಲಲಿಲ್ಲ. ಮೊದಲ ದಿನ ಹಾರಿದ್ದು, ಮರದ ತುದಿಯಲ್ಲಿ ಕಂಡ ಎಮ್ಮೆಯ ಕರು, ತಾವು ಹೆದರಿದ್ದು, ಎಲ್ಲವನ್ನೂ. ಅನಕಾಪಲ್ಲಿ ದಾಟಿತು.

ದುವ್ವಾಡ ಬಂದಾಗಲೂ ಅವರು ಹೇಳುತ್ತಲೇ ಇದ್ದರು. ಮುಂದಿನದು ನಮ್ಮೂರು. ಎಲ್ಲರೂ ಸಾಮಾನು ಇಳಿಸಿಕೊಂಡು ಬಾಗಿಲ ಹತ್ತಿರ ನಿಂತರು. ನಾನು ಮಾತ್ರ ಅಲ್ಲಾಡದೆ ಕೂತು, ಸಿಗ್ನಲ್ ಬೀಳದೆ ಇರಲಿ, ಈ ರೈಲು ಇನ್ನೂ ಸ್ವಲ್ಪ ಹೊತ್ತು ಊರ ಹೊರಗೇ ನಿಂತಿರಲಿ ಎಂದು ಬೇಡಿಕೊಂಡೆ.

ನಿನ್ನ
ಪದ್ಮಕ್ಕ